ಮತ್ತಿಗೆ ಅವಸರ ಆಗಿಬರದು

ಕಳೆದ ಸಂಚಿಕೆಯಲ್ಲಿ ಬೇರೆ ಯಾವುದೋ ಮಾತಿನ ನಡುವೆ ಮತ್ತಿ ಮರದ ಹೆಸರು ಎತ್ತಿದ್ದೆ. ಅದಕ್ಕೆ ಕಾಗದದಲ್ಲೂ ವಾಟ್ಸಾಪಿನಲ್ಲೂ ಪ್ರಶ್ನೆಗಳು ಬಂದು ಬಿದ್ದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಮತ್ತಿಗೇ ಬಿಟ್ಟಿದ್ದೇನೆ. ತೇಗದ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ತಡೆದುಕೊಳ್ಳಿ. ತೇಗದ ಗುಣಗಾನಕ್ಕೆ ಜನ ಬೇಕಾದಷ್ಟಿದ್ದಾರೆ, ಮತ್ತಿಯ ಪರವಾಗಿ ಬಾಯಿ ಬಿಡುವವರು ಕಡಿಮೆ.

ಪ್ರಶ್ನೆ: ಆಚಾರ್ರೇ, ಊರಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ದಾರಂದಕ್ಕೆ ಮತ್ತಿಯನ್ನೇ ಹಾಕು ಎಂದು ಅಪ್ಪ ಪಟ್ಟು ಹಿಡಿದಿದ್ದಾರೆ. ಮತ್ತಿ ಬೇಡ, ಸೀಳುತ್ತದೆ ಎಂದು ಕಂಟ್ರಾಕ್ಟರು ಹೇಳುತ್ತಾರೆ. ಯಾರ ಮಾತು ಕೇಳಲಿ? (ಸಾಗರದಿಂದ ಒಬ್ಬರು)

ಉತ್ತರ: ಇಬ್ಬರ ಮಾತೂ ನಿಜವೇ. ಅಪ್ಪ ಹೇಳುತ್ತಿರುವುದು ಮರದ ವಿಷಯ, ಕಂಟ್ರಾಕ್ಟರು ಹೇಳುತ್ತಿರುವುದು ತಮ್ಮ ವಾಯಿದೆಯ ವಿಷಯ.

ಮೊದಲು ಮರ. ಒಣಗಿದ ಮತ್ತಿ ಘನ ಮೀಟರಿಗೆ ಸುಮಾರು 850 ಕೆ.ಜಿ. ತೂಗುತ್ತದೆ, ತೇಗ 650ರ ಆಸುಪಾಸು. ನಮ್ಮ ಮಿಲ್ಲಿನ ಲೆಕ್ಕದಲ್ಲಿ ಹೇಳುವುದಾದರೆ ಒಂದು ಘನ ಅಡಿ ಮತ್ತಿಗೆ 24 ಕೆ.ಜಿ., ತೇಗಕ್ಕೆ 18. ನಿಮ್ಮ ದಾರಂದದ ಒಂದು ನಿಲುವುಗಂಬ, 5×3 ಅಂಗುಲದ್ದು, 7 ಅಡಿ ಉದ್ದದ್ದು, ಹದಿನೇಳು ಕೆ.ಜಿ. ದಾಟುತ್ತದೆ. ಗಡಸುತನದಲ್ಲಿ ಮತ್ತಿ ತೇಗವನ್ನು ಹಿಂದೆ ಹಾಕುತ್ತದೆ. ಭಾರ ಹೊತ್ತು ಬಾಗದೆ ನಿಲ್ಲುವುದರಲ್ಲೂ ಹಿಂದೆ ಬೀಳುವುದಿಲ್ಲ. ಮಲೆನಾಡಿನ ಹಳೇ ಮನೆಗಳಲ್ಲಿ ಅಟ್ಟದ ಜಂತೆ, ಮಾಡಿನ ಪಕಾಸು, ಕೊಟ್ಟಿಗೆಯ ಕಂಬ ಎಂದರೆ ಮತ್ತಿ ಇದ್ದೇ ಇರುತ್ತಿತ್ತು. ಒನಕೆ, ನೊಗ, ಗಾಡಿಯ ಭಾಗಗಳಿಗೂ ಬಳಸಿದ ಮರ ಇದು. ಅಪ್ಪ ನೋಡಿ ಬೆಳೆದದ್ದು ಅಂಥ ಮನೆಯನ್ನೇ ಇರಬೇಕು.

ಇನ್ನು ಸೀಳುವ ವಿಷಯ. ಹಸಿ ಮರದಲ್ಲಿ ನೀರು ಎರಡು ಕಡೆ ಇರುತ್ತದೆ: ನಾಳಗಳ ಪೊಳ್ಳಿನಲ್ಲಿ ಒಂದಿಷ್ಟು, ನಾರಿನ ಗೋಡೆಯೊಳಗೆ ಒಂದಿಷ್ಟು. ಪೊಳ್ಳಿನ ನೀರು ಹೋದರೆ ಮರ ಹಗುರಾಗುತ್ತದೆ, ಅಷ್ಟೇ. ತೇವಾಂಶ ಶೇ 25–30ಕ್ಕಿಂತ ಕೆಳಗಿಳಿದ ಮೇಲೆ ಗೋಡೆಯ ನೀರು ಬಿಡತೊಡಗುತ್ತದೆ, ಮರ ಕುಗ್ಗುವುದು ಆಗ. ಮತ್ತಿಯಂಥ ದಟ್ಟ ಮರದಲ್ಲಿ ಒಳಗಿನ ನೀರು ಹೊರಗೆ ಬರುವ ದಾರಿ ಬಲು ನಿಧಾನ. ಫೆಬ್ರವರಿಯ ಒಣಗಾಳಿಗೆ ಹಸಿ ಹಲಗೆ ಸಿಕ್ಕಿತು ಅನ್ನಿ, ಮೈ ಒಣಗಿ ಕುಗ್ಗುತ್ತದೆ, ಒಳಗೆ ಇನ್ನೂ ಹಸಿ, ಅದು ಕುಗ್ಗಲೊಲ್ಲದು. ಮೇಲ್ಮೈ ಹರಿಯದೆ ಏನು ಮಾಡೀತು? ಮೊದಲು ಕೂದಲೆಳೆಯಂಥ ಬಿರುಕು, ಆಮೇಲೆ ತುದಿಯಿಂದ ಸೀಳು. ಜೊತೆಗೆ ಬಿಸಿಲಿಗೆ ಹಾಕಿದ ಹಪ್ಪಳ ಅಂಚಲ್ಲಿ ಎದ್ದ ಹಾಗೆ ಹಲಗೆಯೂ ಮೇಲೇಳುತ್ತದೆ. ತೇಗಕ್ಕೆ ಈ ತಾಪತ್ರಯ ಕಡಿಮೆ, ಅದು ಕುಗ್ಗುವುದೇ ಕಡಿಮೆ. ಜನ ಮತ್ತಿಯನ್ನೂ ತೇಗದ ಹಾಗೇ ಒಣಗಿಸಲು ಹೋಗಿ, ಕೊನೆಗೆ ಮರವನ್ನು ಬೈಯುತ್ತಾರೆ.

ಮಾಡಬೇಕಾದ್ದು ಇಷ್ಟು. ದಿಮ್ಮಿಯನ್ನು ಬಿಸಿಲಲ್ಲಿ ತಿಂಗಳುಗಟ್ಟಲೆ ಕೆಡವಿಡದೆ ಬೇಗ ಕೊಯ್ಸಿ. ಮಳೆಗಾಲದಲ್ಲಿ ಕೊಯ್ದರೆ ಮತ್ತೂ ಒಳ್ಳೆಯದು, ಗಾಳಿಯಲ್ಲಿ ಪಸೆ ಇರುವುದರಿಂದ ಮರ ಅವಸರದಲ್ಲಿ ಒಣಗುವುದಿಲ್ಲ. ಮಾಡಿನ ಕೆಳಗೆ, ನೆಲದಿಂದ ಒಂದಡಿ ಎತ್ತರದಲ್ಲಿ, ಹಲಗೆ ಹಲಗೆಯ ನಡುವೆ ಒಂದೇ ದಪ್ಪದ ರೀಪು ಕೊಟ್ಟು ಅಟ್ಟಿ ಕಟ್ಟಿ. ರೀಪುಗಳು ಒಂದರ ಮೇಲೊಂದು ನೇರ ಸಾಲಿನಲ್ಲಿ ಬರಬೇಕು. ತಪ್ಪಿದರೆ ಹಲಗೆ ಅಲ್ಲೇ ಸೊಟ್ಟಗಾಗುತ್ತದೆ. ಬಿಸಿಗಾಳಿ ಬೀಸುವ ಕಡೆಗೆ ತೆಂಗಿನ ಗರಿಯ ತಟ್ಟಿ ನಿಲ್ಲಿಸಿ. ನೀರು ಅತಿ ಬೇಗ ಹೋಗುವುದು ತುದಿಯಿಂದ, ಆದ್ದರಿಂದ ಎರಡೂ ತುದಿಗೆ ದಪ್ಪ ಪೇಂಟು ಬಳಿಯಿರಿ. ನಮ್ಮಪ್ಪ ಸಗಣಿ ಬಳಿಯುತ್ತಿದ್ದರು. ಗಟ್ಟಿ ಸಗಣಿಯನ್ನು ಅಂಗೈಯಲ್ಲಿ ತಟ್ಟಿ, ಹೆಬ್ಬೆರಳಿನಿಂದ ಅಂಚಿನ ಮೇಲೂ ಎರಡಂಗುಲ ಎಳೆದು ಬಿಡುವುದು, ಒಣಗಿ ಉದುರಿದರೆ ಮತ್ತೊಂದು ಸಲ. ಪೇಂಟಿನ ಡಬ್ಬಕ್ಕೆ ದುಡ್ಡು ಹಾಕಲು ಮನಸ್ಸಿಲ್ಲದವರು ಈಗಲೂ ಹಾಗೇ ಮಾಡಬಹುದು. ಒಂದಂಗುಲದ ಹಲಗೆಗೆ ಒಂದು ವರ್ಷ, ದಾರಂದದ ಗಾತ್ರಕ್ಕೆ ಅದಕ್ಕಿಂತ ಹೆಚ್ಚು ಎಂದಿಟ್ಟುಕೊಳ್ಳಿ.

ನಿಮ್ಮ ಕಂಟ್ರಾಕ್ಟರಿಗೆ ಅಷ್ಟು ಪುರುಸೊತ್ತು ಇಲ್ಲ, ಅದಕ್ಕೇ ಬೇಡ ಅನ್ನುತ್ತಾರೆ. ದಾರಂದ ಎರಡು ತಿಂಗಳಲ್ಲಿ ಕೂರಬೇಕು, ಸಿಗುವುದು ಹಸಿ ಮತ್ತಿ ಎಂದಾದರೆ ನಾನೂ ಬೇಡವೆಂದೇ ಹೇಳುತ್ತೇನೆ. ಇನ್ನೊಂದು ದಾರಿ ಇದೆ. ಹಳೇ ಮನೆ ಬಿಚ್ಚಿದಲ್ಲಿ ಮತ್ತಿಯ ಜಂತೆ, ತೊಲೆ ಸಿಗುತ್ತವೆ. ಹೊಗೆ ಕುಡಿದು ಕಪ್ಪಾಗಿರುತ್ತವೆ, ನೋಡಲು ಚಂದವಿಲ್ಲ. ಮೇಲಿನ ಅರ್ಧ ಅಂಗುಲ ಕೀಸಿದರೆ ಒಳಗೆ ದಶಕಗಟ್ಟಲೆ ಹದಗೊಂಡ ಕೆಚ್ಚು. ಅಂಥದ್ದು ಸಿಕ್ಕರೆ ಅಪ್ಪನ ಮಾತೇ ನಡೆಯಲಿ. ಮಿಲ್ಲಿಗೆ ಒಯ್ಯುವ ಮುಂಚೆ ಮೊಳೆಗಳನ್ನೆಲ್ಲ ಕಿತ್ತಿರಬೇಕು. ಬ್ಲೇಡು ಮುರಿದರೆ ಅದರ ದುಡ್ಡು ನಿಮ್ಮ ತಲೆಗೇ ಬರುತ್ತದೆ.

ಪ್ರಶ್ನೆ: ಹೋದ ಬೇಸಿಗೆಯಲ್ಲಿ ಮತ್ತಿಯ ಬಾಗಿಲು ಮಾಡಿಸಿದೆವು. ಜೂನ್ ಕಳೆದದ್ದೇ ಬಾಗಿಲು ದಾರಂದಕ್ಕೆ ಕಚ್ಚಿಕೊಂಡು, ಇಬ್ಬರು ಎಳೆದರೂ ತೆಗೆಯಲು ಬರುತ್ತಿಲ್ಲ. ಬಡಗಿಯನ್ನು ಕರೆದರೆ ಕೀಸಿಕೊಡುತ್ತೇನೆ ಎನ್ನುತ್ತಾರೆ. ಕೀಸಿಸಲೇ? (ಗೃಹಿಣಿ, ಹೊಸನಗರ)

ಉತ್ತರ: ಈಗಲೇ ಬೇಡ ಅಮ್ಮಾ. ಈಗ ಕೀಸಿಸಿದರೆ ಮಾರ್ಚಿಯಲ್ಲಿ ಅದೇ ಸಂದಿಯಲ್ಲಿ ಹಲ್ಲಿ ಓಡಾಡುತ್ತದೆ.

ಗಾಳಿಯ ಪಸೆಗೆ ತಕ್ಕ ಹಾಗೆ ಮರ ನೀರು ಕುಡಿಯುತ್ತದೆ, ಬಿಡುತ್ತದೆ. ಗಾಳಿಯ ಆರ್ದ್ರತೆ ಶೇ 90ರ ಹತ್ತಿರ ತಿಂಗಳುಗಟ್ಟಲೆ ನಿಂತರೆ ಮರದ ತೇವ ಶೇ 20ರ ಸುತ್ತ ಹೋಗಿ ನಿಲ್ಲುತ್ತದೆ, ಆರ್ದ್ರತೆ 40ಕ್ಕೆ ಇಳಿದರೆ 8ರ ಹತ್ತಿರ. ಹೊಸನಗರದ ಮಳೆ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಒಂದಡಿ ಅಗಲದ ಮತ್ತಿ ಹಲಗೆ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಕಾಲಂಗುಲದಷ್ಟು ಆಡಿದರೂ ಆಶ್ಚರ್ಯವಿಲ್ಲ. ಉದ್ದದಲ್ಲಿ ಮಾತ್ರ ಕದಲುವುದಿಲ್ಲ ಅನ್ನಬಹುದು. ನಿಮ್ಮ ಬಾಗಿಲೂ ಬೀಗದ ಕಡೆಯ ಅಂಚಿನಲ್ಲಿ ಕಚ್ಚುತ್ತಿರಬೇಕು, ಮೇಲೆ–ಕೆಳಗೆ ಅಲ್ಲ. ನೋಡಿ ಹೇಳಿ.

ದೀಪಾವಳಿ ಕಳೆದು ಗಾಳಿ ಒಣಗುವವರೆಗೆ ತಡೆಯಿರಿ. ಆಮೇಲೂ ಬಿಗಿಯಿದ್ದರೆ ತೆಳ್ಳಗೆ ಒಂದು ಪದರ ಕೀಸಿಸಿ. ಅದಕ್ಕಿಂತ ಮುಖ್ಯವಾದ್ದೊಂದಿದೆ. ಬಾಗಿಲನ್ನು ಕಳಚಿ ಮೇಲಿನ ಅಂಚು, ಕೆಳಗಿನ ಅಂಚಿಗೆ ಪಾಲಿಶ್ ತಾಗಿದೆಯೇ ನೋಡಿ. ಹತ್ತರಲ್ಲಿ ಒಂಬತ್ತು ಬಾಗಿಲಿಗೆ ತಾಗಿರುವುದಿಲ್ಲ. ಕಣ್ಣಿಗೆ ಬೀಳುವ ಎರಡು ಮುಖಕ್ಕೆ ಮೂರು ಕೋಟು ಬಳಿದು, ನೀರು ಹೀರುವ ಅಂಚನ್ನು ಹಾಗೇ ಬಿಟ್ಟಿರುತ್ತಾರೆ. ಆರೂ ಮೈಗೆ ಪಾಲಿಶ್ ಬಿದ್ದರೆ ಮರ ಕುಡಿಯುವುದು ನಿಲ್ಲದಿದ್ದರೂ ನಿಧಾನವಾಗುತ್ತದೆ. ಸದ್ಯಕ್ಕೆ ಅಂಚಿಗೆ ಮೇಣದ ಬತ್ತಿ ಉಜ್ಜಿ, ಎಳೆಯುವುದಾದರೂ ಸಲೀಸಾಗಲಿ.

ಪ್ರಶ್ನೆ: ಮಿಲ್ಲಿನಲ್ಲಿ ಮತ್ತಿ ಎಂದು ಕೊಟ್ಟರೆ ಅದು ಮತ್ತಿಯೇ ಎಂದು ಗುರುತಿಸುವುದು ಹೇಗೆ? ನಮ್ಮ ಹೊಳೆಯಂಚಿನಲ್ಲೂ ಒಂದು ಮತ್ತಿ ಇದೆ. ಅದರ ತೊಗಟೆ ಬೆಳ್ಳಗಿದೆ, ನುಣ್ಣಗಿದೆ. (ಕೃಷಿಕರು, ಸಿದ್ದಾಪುರ, ಉತ್ತರ ಕನ್ನಡ)

ಉತ್ತರ: ಹೊಳೆಯಂಚಿನದು ಹೊಳೆಮತ್ತಿ, ಅರ್ಜುನ ಎಂದು ಆಯುರ್ವೇದದವರು ತೊಗಟೆ ಕೇಳುವ ಮರ. ಒಂದೇ ಕುಲ, ಬೇರೆ ಜಾತಿ. ನಾನು ಇಲ್ಲಿ ಮತ್ತಿ ಎನ್ನುತ್ತಿರುವುದು ಗುಡ್ಡದ ಮೇಲಿನ ಕರಿಮತ್ತಿಯನ್ನು. ಅದರ ತೊಗಟೆ ಕಪ್ಪು ಬೂದಿ ಬಣ್ಣದ್ದು, ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಬಿರಿದು, ಮೊಸಳೆ ಬೆನ್ನಿನಂತೆ ಚೌಕ ಚೌಕ ಹೆಕ್ಕಳೆ. ಆ ದಪ್ಪ ತೊಗಟೆಯಿಂದಲೇ ಮತ್ತಿ ಕಾಡಿನ ನೆಲಬೆಂಕಿಗೆ ಜಗ್ಗುವುದಿಲ್ಲ.

ಇನ್ನೊಂದು ಗುರುತು ಎಲೆಯಲ್ಲಿದೆ. ಒಂದು ಬಲಿತ ಎಲೆ ಕಿತ್ತು ಮಗುಚಿ, ತೊಟ್ಟಿನ ಹತ್ತಿರ ನಡುನರದ ಬುಡ ನೋಡಿ. ನರಕ್ಕೆ ಅಂಟಿಕೊಂಡಂತೆ ಒಂದೋ ಎರಡೋ ಪುಟ್ಟ ಗಂಟು ಇರುತ್ತವೆ, ಸಣ್ಣ ಕಾಲಿನ ಮೇಲೆ ನಿಂತ ಬಟ್ಟಲಿನಾಕಾರ. ಉಗುರಿನಿಂದ ಮುಟ್ಟಿದರೆ ತಿಳಿಯುತ್ತದೆ. ಕಾಯಿಗೆ ಐದು ರೆಕ್ಕೆ. ಹೊಳೆಮತ್ತಿಯ ಕಾಯಿಗೂ ಐದೇ ಇರುವುದರಿಂದ ಕಾಯಿ ನೋಡಿ ತೀರ್ಮಾನಕ್ಕೆ ಬರಬೇಡಿ.

ಕೊಯ್ದ ಮರದಲ್ಲಿ ತೊಗಟೆಯೂ ಇಲ್ಲ, ಎಲೆಯೂ ಇಲ್ಲ. ಅಲ್ಲಿ ನಾನು ಮಾಡುವುದು ಹೀಗೆ. ಹಲಗೆಯ ತುದಿಯನ್ನು ಹರಿತವಾದ ಉಳಿಯಿಂದ ಒಂದು ರೂಪಾಯಿ ನಾಣ್ಯದಗಲ ನುಣ್ಣಗೆ ಕೆತ್ತಿ, ಬೆರಳಲ್ಲಿ ನೀರು ಸವರುತ್ತೇನೆ. ಮತ್ತಿಯಾದರೆ ಸೂಜಿ ಚುಚ್ಚಿದಂಥ ರಂಧ್ರಗಳು ಬರಿಗಣ್ಣಿಗೇ ಕಾಣುತ್ತವೆ, ಅವುಗಳ ಸುತ್ತ ತೆಳು ಬಣ್ಣದ ಕಣ್ಣು. ಅಗಲದ ಮುಖದಲ್ಲಿ ಕಂದು ಬಣ್ಣದ ಮೇಲೆ ಕಡುಗಪ್ಪು ಗೆರೆಗಳು ಹರಿದಿರಬೇಕು. ಹೊರಗಿನ ಬಿಳಿ ಭಾಗಕ್ಕೂ ಒಳಗಿನ ಕೆಚ್ಚಿಗೂ ನಡುವೆ ಗಡಿ ಸ್ಪಷ್ಟವಾಗಿರುತ್ತದೆ. ಕೊನೆಗೆ ತೂಕ: ಒಣಗಿದ್ದು ಎಂದು ಕೊಟ್ಟ ತುಂಡನ್ನು ಅಳೆದು, ತಕ್ಕಡಿಗೆ ಹಾಕಿ, ಮೇಲೆ ಹೇಳಿದ 24 ಕೆ.ಜಿ. ಲೆಕ್ಕಕ್ಕೆ ತಾಳೆ ನೋಡಿ. 18–19 ಬಂದರೆ ಬೇರೆ ಮರ. 30ರ ಹತ್ತಿರ ಬಂದರೆ ಮರ ಮತ್ತಿಯೇ ಇರಬಹುದು, ಒಣಗಿದ್ದು ಎಂಬ ಮಾತು ಮಾತ್ರ ಸುಳ್ಳು.

ಪ್ರಶ್ನೆ: ಐದು ವರ್ಷದ ಹಿಂದೆ ಹಾಕಿದ ಮತ್ತಿ ಪಕಾಸುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ. ಅಡುಗೆಮನೆಯ ಪಾತ್ರೆಗೆಲ್ಲ ಬೀಳುತ್ತದೆ. ಮರವೇ ಕಳಪೆಯೇ? (ಶೃಂಗೇರಿ)

ಉತ್ತರ: ಏಣಿ ಹಾಕಿ ಹತ್ತಿ ನೋಡಿ. ಪುಡಿ ಬೀಳುವ ತೂತುಗಳು ಬಿಳಿ ಭಾಗದಲ್ಲಿ ಮಾತ್ರ ಇದ್ದರೆ ಅದು ಕುಟ್ಟೆ ಹುಳ. ಅದಕ್ಕೆ ಬೇಕಾದ್ದು ಬಿಳಿ ಭಾಗದಲ್ಲಿರುವ ಪಿಷ್ಟ. ಕೆಚ್ಚಿನಲ್ಲಿ ಅದಕ್ಕೆ ಊಟವಿಲ್ಲ. ನಿಮಗೆ ಕೊಯ್ದುಕೊಟ್ಟವರು ಬಿಳಿಯನ್ನು ತೆಗೆಯದೆ ಅಳತೆ ತುಂಬಿಸಿದ್ದಾರೆ, ಕಳಪೆ ಎನ್ನುವುದಾದರೆ ಆ ಕೊಯ್ತವನ್ನು ಅನ್ನಿ. ಬಿಳಿ ತೆಳ್ಳಗಿದ್ದರೆ ಬಾಚಿಯಿಂದ ಕೆತ್ತಿಸಿ ತೆಗೆಸುವುದೇ ಖಾಯಂ ಪರಿಹಾರ. ಪಕಾಸಿನ ಕಾಲುಭಾಗಕ್ಕಿಂತ ಹೆಚ್ಚು ಬಿಳಿಯೇ ಇದ್ದರೆ ಆ ಪಕಾಸನ್ನೇ ಬದಲಿಸಿ. ಮಾಡಿನ ವಿಷಯದಲ್ಲಿ ದಾಕ್ಷಿಣ್ಯ ಬೇಡ.

ಹೊಸ ಮರಕ್ಕಾದರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಹಸಿಯಿರುವಾಗಲೇ ಅದ್ದಿಟ್ಟು ತೆಗೆಯುವ ಪದ್ಧತಿ ಒಳ್ಳೆಯದು, ಮನೆಯೊಳಗಿನ ಕೆಲಸಕ್ಕೆ ಅಷ್ಟು ಸಾಕು. ಮಳೆಗೆ ತೋಯುವ ಜಾಗಕ್ಕೆ ಅದು ನಡೆಯದು, ತೊಳೆದುಹೋಗುತ್ತದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರದ ವಿಜ್ಞಾನಕ್ಕೆಂದೇ ಕೇಂದ್ರ ಸರ್ಕಾರದ ಸಂಸ್ಥೆಯೊಂದಿದೆ, ಐಡಬ್ಲ್ಯುಎಸ್‌ಟಿ ಎಂದು. ಮರದ ಗುರುತು, ಸಂರಕ್ಷಣೆ ಎಲ್ಲ ಅವರ ಕ್ಷೇತ್ರವೇ. ದೊಡ್ಡ ಕೆಲಸ ಹಿಡಿಯುವವರು ಅವರನ್ನು ಕೇಳಿ ಮುಂದುವರಿಯಿರಿ.

ಇದೇ ಪತ್ರದ ಕೊನೆಗೆ ಬೇಲಿಗೂಟಕ್ಕೆ ಮತ್ತಿ ಆದೀತೇ ಎಂದೂ ಕೇಳಿದ್ದೀರಿ. ಮಣ್ಣಿನಲ್ಲಿ ಹುಗಿದರೆ ಮತ್ತಿ ತೇಗದಷ್ಟು, ಕಿರಾಲುಬೋಗಿ ಮರದಷ್ಟು ಬಾಳುವುದಿಲ್ಲ. ರೈಲಿನವರು ಹಳಿಯ ಕೆಳಗೆ ಹಾಸಲು ಮತ್ತಿ ಬಳಸಿದ್ದರೂ ಕ್ರಿಯೋಸೋಟ್ ಎಣ್ಣೆ ಕುಡಿಸಿ ಬಳಸಿದ್ದು. ಬೇಲಿಗೆ ಕಲ್ಲುಕಂಬ ಹಾಕಿ, ಮತ್ತಿಯನ್ನು ಮಾಡಿಗೆ ಉಳಿಸಿಕೊಳ್ಳಿ.

ಪ್ರಶ್ನೆ: ಮತ್ತಿ ಮರಕ್ಕೆ ಕತ್ತಿ ಹಾಕಿದರೆ ನಲ್ಲಿಯಂತೆ ನೀರು ಚಿಮ್ಮುವ ವಿಡಿಯೋ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿದೆ. ನಿಜವೇ, ಗ್ರಾಫಿಕ್ಸೇ? (ಕಾಲೇಜು ವಿದ್ಯಾರ್ಥಿ, ಶಿವಮೊಗ್ಗ)

ಉತ್ತರ: ನಿಜ. 2024ರ ಮಾರ್ಚಿಯಲ್ಲಿ ಆಂಧ್ರದ ಪಾಪಿಕೊಂಡಲು ರಾಷ್ಟ್ರೀಯ ಉದ್ಯಾನದಲ್ಲಿ ಅರಣ್ಯ ಇಲಾಖೆಯವರು ಮಾಡಿದ ವಿಡಿಯೋ ಅದು. ಅಲ್ಲಿಯ ಕೊಂಡರೆಡ್ಡಿ ಬುಡಕಟ್ಟಿನವರು ಹೇಳಿಕೊಟ್ಟದ್ದನ್ನು ಇವರು ಪರೀಕ್ಷಿಸಿ ನೋಡಿದರು. ಅವರಿಗೆ ಇದು ಮೊದಲೇ ಗೊತ್ತಿದ್ದ ಸಂಗತಿ. ಒಣಕಾಡಿನ ಮತ್ತಿ ಬೇಸಿಗೆಗೆಂದು ಕಾಂಡದಲ್ಲಿ ನೀರು ಹಿಡಿದಿಡುತ್ತದೆ. ಎಲ್ಲ ಮರದಲ್ಲೂ ಸಿಗುವುದಿಲ್ಲ. ಕಾಂಡದ ಮೇಲೆ ಉಬ್ಬು ಇರುವ ಮರ ನೋಡಿ ಕತ್ತಿ ಹಾಕುತ್ತಾರೆ.

ಹಾಗೆಂದು ನೀನು ಕತ್ತಿ ಹಿಡಿದು ಗುಡ್ಡ ಹತ್ತಬೇಡ ತಮ್ಮಾ. ಕಾಡಿನೊಳಗೆ ಮರಕ್ಕೆ ಕತ್ತಿ ತಾಗಿಸುವುದೇ ಅಪರಾಧ. ಮರಕ್ಕೆ ಆದ ಗಾಯದಲ್ಲಿ ಶಿಲೀಂಧ್ರ ಸೇರಿದರೆ ಕೆಚ್ಚು ಟೊಳ್ಳಾಗುತ್ತದೆ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಂಡ ದಿಮ್ಮಿ ಗರಗಸದ ಕೆಳಗೆ ಪೊಳ್ಳು ಎಂದು ಗೊತ್ತಾದಾಗ ಹರಾಜಿನಲ್ಲಿ ಹಿಡಿದವನ ಮುಖ ನೋಡಬೇಕು. ಕಿರವತ್ತಿ, ದಾಂಡೇಲಿಯ ಡಿಪೋಗಳಲ್ಲಿ ಕೊಳ್ಳುವವರು ದಿಮ್ಮಿಯ ಎರಡೂ ತುದಿಗೆ ಕೂತು, ಕೊಡಲಿಯ ಹಿಂಬದಿಯಿಂದ ಬಡಿದು ಸದ್ದು ಕೇಳುವುದು ಸುಮ್ಮನೆ ಅಲ್ಲ.

ಪ್ರಶ್ನೆ: ಗಾಳಿಗೆ ನಮ್ಮ ಜಾಗದ ಒಂದು ಮತ್ತಿ ಬುಡಮೇಲಾಗಿ ಬಿದ್ದಿದೆ. ಕೊಯ್ಸಿ ಮನೆಗೆ ಬಳಸಿಕೊಳ್ಳಬಹುದೇ? (ಹೆಸರು ಬೇಡ ಎಂದವರು, ಯಲ್ಲಾಪುರ)

ಉತ್ತರ: ನಿಮ್ಮ ಜಾಗ ಎಂದರೆ ಯಾವುದು? ಅದನ್ನು ಬರೆದಿಲ್ಲ. ಮಾಲ್ಕಿ ಜಾಗವಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಗೆ ಅರ್ಜಿ ಕೊಡಿ. ಸತ್ತ, ರೋಗ ಹಿಡಿದ, ಗಾಳಿಗೆ ಬಿದ್ದ ಮರಕ್ಕೆ ಅನುಮತಿ ನಿರಾಕರಿಸಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಮಿಲ್ಲಿಗೆ ಸಾಗಿಸಲು ರಹದಾರಿ ಬೇರೆ ಬೇಕು. ಬೆಟ್ಟದ, ಅಂದರೆ ತೋಟದ ಸೊಪ್ಪಿಗೆಂದು ಬಿಟ್ಟ ಕಾಡಿನ ಜಾಗವಾದರೆ ಕತೆ ಬೇರೆ. ಅಲ್ಲಿ ನಿಮಗಿರುವುದು ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ತರುವ ಸವಲತ್ತು, ನಾಟಾ ನಿಮ್ಮದಲ್ಲ. ಬಿದ್ದ ಮರದ ಫೋಟೋ ಹಿಡಿದುಕೊಂಡು ವಲಯ ಅರಣ್ಯ ಕಚೇರಿಗೆ ಹೋಗಿ, ಅಲ್ಲಿಯವರೆಗೆ ಗರಗಸ ಮುಟ್ಟಬೇಡಿ. ನಿಮ್ಮ ಹೆಸರು ಯಾಕೆ ಬೇಡ ಎಂದು ನನಗೆ ಅರ್ಥವಾಗಿದೆ!

ಪ್ರಶ್ನೆ: ಮತ್ತಿ ಎಂದ ಕೂಡಲೇ ಬಡಗಿ ಕೂಲಿ ಜಾಸ್ತಿ ಕೇಳುತ್ತಾರೆ. ನ್ಯಾಯವೇ? (ಕುಮಟಾ)

ಉತ್ತರ: ನ್ಯಾಯ. ನನ್ನ ಜಾತಿಯವರ ಪರ ಮಾತಾಡುತ್ತಿದ್ದೇನೆ ಅನ್ನಬೇಡಿ. ಮತ್ತಿಗೆ ಹತ್ತರಿ (ಕೀಸುಳಿ) ಹಾಕಿ ನೋಡಿದವರಿಗೆ ಗೊತ್ತು. ಎಳೆ ಒಂದು ಕಡೆ ಈಚೆ ಬಾಗಿದರೆ ಗೇಣು ದೂರದಲ್ಲಿ ಆಚೆ ಬಾಗಿರುತ್ತದೆ. ನುಣ್ಣಗೆ ಬರುತ್ತಿದೆ ಅನ್ನುವಷ್ಟರಲ್ಲಿ ಚಕ್ಕೆ ಕಿತ್ತು ಬರುತ್ತದೆ. ಅಲಗನ್ನು ಪದೇ ಪದೇ ಮಸೆಯಬೇಕು, ಹತ್ತರಿಯ ಬಾಯಿ ಸಣ್ಣಗೆ ಇಟ್ಟುಕೊಳ್ಳಬೇಕು, ತೆಳು ಹೊಟ್ಟು ತೆಗೆಯಬೇಕು. ಮಷೀನಾದರೆ ಕಾರ್ಬೈಡ್ ಹಲ್ಲಿನ ಬ್ಲೇಡೇ ಸೈ. ಧೂಳು ನುಣ್ಣಗಿರುವುದರಿಂದ ಮೂಗಿಗೆ ಬಟ್ಟೆ ಕಟ್ಟದೆ ಕೆಲಸ ಮಾಡಿದವನಿಗೆ ರಾತ್ರಿಯೆಲ್ಲ ಸೀನು.

ಮೊಳೆಯಂತೂ ಸುಮ್ಮನೆ ಹೊಡೆಯುವ ಹಾಗಿಲ್ಲ. ಮೊಳೆ ಬಾಗುತ್ತದೆ, ಇಲ್ಲವೇ ತುದಿ ಸೀಳುತ್ತದೆ. ಮೊದಲು ಮೊಳೆಗಿಂತ ತುಸು ಸಣ್ಣ ತೂತು ಕೊರೆದು ಆಮೇಲೆ ಬಡಿಯಬೇಕು. ಸ್ಕ್ರೂಗೆ ಸೋಪೋ ಮೇಣವೋ ಸವರಿ ತಿರುಗಿಸಬೇಕು, ಇಲ್ಲದಿದ್ದರೆ ತಲೆ ಮುರಿದು ಒಳಗೇ ಉಳಿಯುತ್ತದೆ. ತೇವ ಇರುವಲ್ಲಿ ಕಬ್ಬಿಣ ತಾಗಿದರೆ ಮರದಲ್ಲಿರುವ ಚೊಗರಿನಿಂದ ಕಪ್ಪು ಕಲೆ ಬೀಳುತ್ತದೆ, ಹಾಗಾಗಿ ಕಣ್ಣಿಗೆ ಬೀಳುವ ಕಡೆ ಹಿತ್ತಾಳೆಯ ಸ್ಕ್ರೂ ಹಾಕಿಸಿ. ಪಾಲಿಶ್‌ಗೆ ಮೊದಲು ರಂಧ್ರ ತುಂಬುವ ಕೆಲಸವೂ ಇದೆ. ಎಳೆ ಒರಟಾದ ಮರ, ತುಂಬದೆ ಬಳಿದರೆ ಚುಕ್ಕಿ ಚುಕ್ಕಿ ಕಾಣುತ್ತದೆ. ಇಷ್ಟೆಲ್ಲ ಮಾಡುವ ಬಡಗಿಗೆ ಹೆಚ್ಚು ಕೊಡಿ. ಮಾಡದೆ ಬರೀ ಹೆಚ್ಚು ಕೇಳುವವರಿಗೆ ಕೊಡಬೇಡಿ.

ಪ್ರಶ್ನೆ: ಬೆಂಗಳೂರಿನ ಅಂಗಡಿಯೊಂದರಲ್ಲಿ ಇಂಡಿಯನ್ ಲಾರೆಲ್ ವೆನೀರಿನ ಊಟದ ಮೇಜು ನೋಡಿದೆವು. ಬೆಲೆ ಕೇಳಿ ಗಾಬರಿಯಾಯಿತು. ವಿದೇಶದ ಮರವಿರಬೇಕು ಅಲ್ಲವೇ? (ಜಯನಗರ)

ಉತ್ತರ: ಅಲ್ಲ, ನಮ್ಮ ಮತ್ತಿಯೇ. ನಿಮ್ಮ ಅಜ್ಜನ ಕೊಟ್ಟಿಗೆಯ ಕಂಬವೇ ಅದು, ಕಾಗದದಷ್ಟು ತೆಳ್ಳಗೆ ಕೊಯ್ದದ್ದು. ಕಡುಗಪ್ಪು ಗೆರೆ ಚೆನ್ನಾಗಿ ಬಿದ್ದ ದಿಮ್ಮಿಗಳನ್ನು ಆರಿಸಿ ವೆನೀರು ಮಾಡುತ್ತಾರೆ. ಅದು ನಿಜಕ್ಕೂ ಚಂದ. ತೆಳು ಹಾಳೆಯನ್ನು ಪ್ಲೈವುಡ್ಡಿಗೆ ಅಂಟಿಸಿರುವುದರಿಂದ ಆಡುವ, ಸೀಳುವ ತಂಟೆಯೂ ಇಲ್ಲ. ಮೇಜಿಗೆ ಅಡ್ಡಿಯಿಲ್ಲ. ಕೊಡುತ್ತಿರುವ ದುಡ್ಡಿನಲ್ಲಿ ಮರದ ಪಾಲು ಎಷ್ಟು, ಶೋರೂಮಿನ ದೀಪದ ಪಾಲು ಎಷ್ಟು ಎಂಬ ಅಂದಾಜು ಮಾತ್ರ ಇರಲಿ.

ಪ್ರಶ್ನೆ: ಮತ್ತಿಯಿಂದ ನಾಟಾ ಬಿಟ್ಟು ಬೇರೇನಾದರೂ ಉಪಯೋಗ ಇದೆಯೇ? (ಶಾಲಾ ಶಿಕ್ಷಕಿ, ಮುಂಡಗೋಡ)

ಉತ್ತರ: ನಾಟಾಕ್ಕಿಂತ ಹೆಚ್ಚೇ ಇದೆ ಟೀಚರೇ. ಅಡಿಕೆ ತೋಟದವರನ್ನು ಕೇಳಿದರೆ ಮರ ಕಡಿಯುವುದೇ ಬೇಡ, ಸೊಪ್ಪು ಸಾಕು ಅನ್ನುತ್ತಾರೆ. ಬೆಟ್ಟದಲ್ಲಿ ಸವರಿದ ಮತ್ತಿ ಮತ್ತೆ ಮತ್ತೆ ಚಿಗುರುತ್ತದೆ, ಆ ಸೊಪ್ಪು ಕೊಟ್ಟಿಗೆಗೆ ಹಾಸಿ ಗೊಬ್ಬರವಾಗಿ ತೋಟಕ್ಕೆ ಹೋಗುತ್ತದೆ. ತೊಗಟೆಯ ಚೊಗರು ಚರ್ಮ ಹದ ಮಾಡಲು ಬರುತ್ತದೆ. ತೊಗಟೆ ಸುಟ್ಟ ಬೂದಿಯಲ್ಲಿ ಸುಣ್ಣದ ಅಂಶ ಎಷ್ಟಿದೆ ಎಂದರೆ ಎಲೆಯಡಿಕೆಗೆ ಅದನ್ನೇ ಸುಣ್ಣದ ಬದಲು ಹಚ್ಚಿಕೊಂಡ ಜನರಿದ್ದಾರೆ. ಕಟ್ಟಿಗೆಯ ಕೆಂಡ ಬಹಳ ಹೊತ್ತು ನಿಲ್ಲುತ್ತದೆ.

ಮಕ್ಕಳಿಗೆ ಹೇಳಲು ಇನ್ನೊಂದು ವಿಷಯ. ಕರ್ನಾಟಕದ ರೇಷ್ಮೆ ಎಂದರೆ ಹಿಪ್ಪುನೇರಳೆ ಎಲೆ ತಿಂದ ಹುಳುವಿನದು. ಜಾರ್ಖಂಡ್, ಛತ್ತೀಸಗಡ, ಒಡಿಶಾದ ಕಾಡುಗಳಲ್ಲಿ ಟಸರ್ ಎಂಬ ರೇಷ್ಮೆಯ ಹುಳುವನ್ನು ಮರದ ಮೇಲೇ ಬಿಟ್ಟು ಸಾಕುತ್ತಾರೆ. ಅದು ಮುಖ್ಯವಾಗಿ ತಿನ್ನುವುದು ಮತ್ತಿ ಮತ್ತು ಹೊಳೆಮತ್ತಿಯ ಎಲೆ. ಟಸರ್ ಸಂಶೋಧನೆಗೆಂದು ರಾಂಚಿಯಲ್ಲಿ ಕೇಂದ್ರವೇ ಇದೆ. ನಮ್ಮಲ್ಲಿ ಮರ ಇದೆ, ಆ ಕಸುಬು ಬೆಳೆಯಲಿಲ್ಲ.

ಪ್ರಶ್ನೆ: ನಮ್ಮ ಘಟ್ಟದ ಮರಗಳಲ್ಲಿ ಎಲ್ಲಕ್ಕಿಂತ ಭಾರದ್ದು ಮತ್ತಿಯೇ? (ಸುಳ್ಯ)

ಉತ್ತರ: ಅಲ್ಲ. ನಿಮ್ಮ ಕಡೆಯ ಕಿರಾಲುಬೋಗಿ ಇದಕ್ಕಿಂತ ಭಾರ. ನಾಗಸಂಪಿಗೆ ಅದಕ್ಕೂ ಮೇಲೆ, ಒಣಗಿದ ಮೇಲೂ ನೀರಿನ ತೂಕಕ್ಕೆ ಹತ್ತಿರ ಹತ್ತಿರ ಬರುತ್ತದೆ. ಬೀಟೆ, ಜಂಬೆ, ದಿಂಡಿಗ ಎಲ್ಲ ಮತ್ತಿಯ ಆಸುಪಾಸಿನವು. ಬೀಟೆಗೆ ಕಾಯಿದೆಯ ಕಾವಲು ಬಿಗಿ. ಬೋಗಿ, ನಾಗಸಂಪಿಗೆ ಮಾರಾಟಕ್ಕೆ ಕಾಣುವುದೇ ಅಪರೂಪ. ಈ ಸಾಲಿನಲ್ಲಿ ಸಾಮಾನ್ಯರ ಕೈಗೆ ಎಟುಕುವುದು ಮತ್ತಿ. ಅದಕ್ಕೇ ಅದರ ಬಗ್ಗೆ ಇಷ್ಟು ಬರೆಯುತ್ತಿದ್ದೇನೆ.

ಪ್ರಶ್ನೆ: ದಿಮ್ಮಿ ಕೊಳ್ಳುವಾಗ ಘನ ಅಡಿ ಲೆಕ್ಕ ಹೇಗೆ ಹಾಕುತ್ತಾರೆ? ಮಾರುವವರು ಹೇಳಿದ ಲೆಕ್ಕ ನನಗೆ ಹೆಚ್ಚೆನಿಸಿತು. (ಹಾನಗಲ್)

ಉತ್ತರ: ದಿಮ್ಮಿಯ ನಡುಮಧ್ಯದಲ್ಲಿ ಸುತ್ತಳತೆ ಹಿಡಿದು, ಅದರ ಕಾಲುಭಾಗವನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸುತ್ತಾರೆ. ಸುತ್ತಳತೆ 60 ಅಂಗುಲ, ಉದ್ದ 12 ಅಡಿ ಎಂದುಕೊಳ್ಳಿ. ಕಾಲುಭಾಗ 15. ಹದಿನೈದು ಹದಿನೈದಲೆ 225, ಅದನ್ನು 144ರಿಂದ ಭಾಗಿಸಿ 12ರಿಂದ ಗುಣಿಸಿದರೆ 18.75 ಘನ ಅಡಿ. ದುಂಡು ಲೆಕ್ಕದಲ್ಲಿ ನಿಜವಾದ ಗಾತ್ರ 23.9ರ ಹತ್ತಿರ ಬರುತ್ತದೆ. ಆ ವ್ಯತ್ಯಾಸ ಕೊಯ್ಯುವಾಗ ಹೋಗುವ ಹೊರಚಕ್ಕೆಗೆ ಬಿಟ್ಟದ್ದು, ಅದರಲ್ಲಿ ಮೋಸವಿಲ್ಲ.

ಮೋಸ ಇರುವುದು ತೊಗಟೆಯಲ್ಲಿ. ಅರ್ಧ ಅಂಗುಲದ ತೊಗಟೆ ಸೇರಿಸಿ ಟೇಪು ಹಿಡಿದರೆ ಇದೇ ದಿಮ್ಮಿಯ ಸುತ್ತಳತೆ 63 ಅಂಗುಲ ದಾಟುತ್ತದೆ, ಲೆಕ್ಕ 20.8ರ ಹತ್ತಿರಕ್ಕೆ ಏರುತ್ತದೆ. ಎರಡು ಘನ ಅಡಿ ತೊಗಟೆಗೆ ನೀವು ಕೆಚ್ಚಿನ ದರ ಕೊಟ್ಟಂತೆ. ಬೇರೆ ಮರದಲ್ಲಿ ಇದು ಅಷ್ಟಾಗಿ ಗೊತ್ತಾಗದು, ಮತ್ತಿಯ ತೊಗಟೆ ದಪ್ಪ. ಟೇಪು ಸುತ್ತುವ ಜಾಗದಲ್ಲಿ ಗೇಣಗಲ ತೊಗಟೆಯನ್ನು ಸುತ್ತಲೂ ಕೆತ್ತಿಸಿ ಅಳೆಯಿರಿ. ಕೆತ್ತಲು ಮಾರುವವರು ಒಪ್ಪದಿದ್ದರೆ, ತೊಗಟೆಯ ದಪ್ಪವನ್ನು ದಿಮ್ಮಿಯ ತುದಿಯಲ್ಲಿ ಅಳೆದು, ಅರ್ಧ ಅಂಗುಲಕ್ಕೆ ಮೂರು ಅಂಗುಲದಂತೆ ಸುತ್ತಳತೆಯಲ್ಲಿ ಕಳೆದು ಲೆಕ್ಕ ಹಾಕಿ. ಅದಕ್ಕೂ ಒಪ್ಪದಿದ್ದರೆ ಬೇರೆ ದಿಮ್ಮಿ ನೋಡಿ.